ಬೆಚ್ಚಗಿಟ್ಟರೆ ಬೇಗ, ತಣ್ಣಗಿಟ್ಟರೆ ತಡ

ಊರಿನವರೆಲ್ಲ ಹುಳ ಕೊಲ್ಲುವ ಔಷಧಿ ಹುಡುಕಿಕೊಂಡು ಓಡಾಡುತ್ತಿರುವಾಗ, ಹುಳ ಸಾಕಿ ಕೊಡುವುದನ್ನೇ ಕೆಲಸ ಮಾಡಿಕೊಂಡವರ ಬಾಗಿಲಿಗೆ ನಗೆಪಾಟಲಿನ ಪ್ರಸಂಗಗಳು ತಾವಾಗಿಯೇ ಬರುತ್ತವೆ. ಬಾಗಿಲು ಹಾಕಿಕೊಂಡರೆ ಕಿಟಕಿಯಿಂದ ಬರುತ್ತವೆ.

ನಾನು ಹುಟ್ಟಿದ್ದು ರಾಯಚೂರಿನ ಕಡೆ. ಮದುವೆಯಾಗಿ ಶಿಕಾರಿಪುರಕ್ಕೂ ಸೊರಬಕ್ಕೂ ನಡುವಿನ ಈ ಊರಿಗೆ ಬಂದು ತಲೆಯೆಲ್ಲ ಬೆಳ್ಳಗಾದರೂ ಇಲ್ಲಿಯವರಿಗೆ ನಾನಿನ್ನೂ ಬಿಸಿಲೂರಿನ ಅಮ್ಮನೇ. ವಯಸ್ಸಾದ ಮೇಲೆ ಸುಮ್ಮನೆ ಕೂರಲಾರದೆ ಹೆಂಗಸರ ಸಂಘ ಸೇರಿದೆ. ಉಳಿದ ಸಂಘಗಳು ಹಪ್ಪಳ, ಉಪ್ಪಿನಕಾಯಿ ಮಾಡುತ್ತವೆ. ನಮ್ಮದು ಕಣಜ ಸಾಕುತ್ತದೆ.

ಕಣಜವೆಂದರೆ ಮಾಡಿನಲ್ಲಿ ಗೂಡು ಕಟ್ಟಿ ಮುಖ ಊದಿಸುವ ಜಾತಿಯದಲ್ಲ. ಪೆನ್ನಿನಲ್ಲಿಟ್ಟ ಚುಕ್ಕೆಗಿಂತ ಚಿಕ್ಕದು, ಯಾರನ್ನೂ ಕಚ್ಚದು. ಮೆಕ್ಕೆಜೋಳದ ಎಲೆಯ ಮೇಲೆ ಪತಂಗ ಮೊಟ್ಟೆ ಇಡುತ್ತದಲ್ಲ, ಆ ಮೊಟ್ಟೆಯೊಳಗೆ ನಮ್ಮ ಕಣಜ ತನ್ನ ಮೊಟ್ಟೆ ತೂರಿಸುತ್ತದೆ. ಅದರ ಮರಿ ಒಳಗಿರುವುದನ್ನೆಲ್ಲ ತಿಂದು ಬೆಳೆಯುತ್ತದೆ. ಸುಳಿ ತಿನ್ನುವ ಹುಳ ಹುಟ್ಟಬೇಕಾದ ಕಡೆ ಕಣಜ ಹುಟ್ಟುತ್ತದೆ. ನಾವು ಅಕ್ಕಿಪತಂಗದ ಮೊಟ್ಟೆಗಳನ್ನು ರಟ್ಟಿನ ಕಾರ್ಡಿಗೆ ಅಂಟಿಸಿ, ಅವುಗಳೊಳಗೆ ಕಣಜ ಬೆಳೆದು ಮೊಟ್ಟೆ ಕಪ್ಪಗಾದ ಮೇಲೆ ಆ ಕಾರ್ಡನ್ನು ರೈತರಿಗೆ ಕೊಡುತ್ತೇವೆ. ಅವರು ತುಂಡು ಮಾಡಿ ಹೊಲದಲ್ಲಿ ಅಲ್ಲಲ್ಲಿ ಎಲೆಗೆ ಕಟ್ಟುತ್ತಾರೆ.

ಕಷ್ಟವಿರುವುದು ಯಾವಾಗ ಕಟ್ಟಬೇಕು ಎನ್ನುವುದರಲ್ಲಿ. ಕಣಜ ಹೊರಬೀಳುವ ಹಿಂದಿನ ಸಂಜೆ ಕಟ್ಟಿದರೆ ಸರಿ. ಆದರೆ ಅದು ಹೊರಬೀಳುವುದು ಅದಕ್ಕೆ ಸಿಕ್ಕ ಶಾಖದ ಮೇಲೆ. ಬೆಚ್ಚಗಿದ್ದರೆ ವಾರ ಕಳೆಯುವಷ್ಟರಲ್ಲಿ ಬರುತ್ತದೆ. ಚಳಿಯಾದರೆ ಒಳಗೇ ಕೂತು ಎರಡು ವಾರ ಎಳೆಯುತ್ತದೆ. ತೀರಾ ಸೆಕೆಯಾದರೆ ರೆಕ್ಕೆ ಸುಕ್ಕಿ ಹುಟ್ಟುತ್ತದೆ, ಇಲ್ಲವೇ ಒಳಗೇ ಸಾಯುತ್ತದೆ. ಒಂದೇ ದಿನ ಕೊಟ್ಟ ಕಾರ್ಡು ಶಿಕಾರಿಪುರದ ಕಡೆಯ ಬಯಲಿನಲ್ಲಿ ಮೊದಲು ಬಿರಿದು, ಸೊರಬದ ಕಡೆ ಚಳಿಗೆ ತಡವಾಗಿ ಬಿರಿಯುವುದುಂಟು.

ನಮಗೆ ಕೆಲಸಕ್ಕಿದ್ದದ್ದು ಸೊಸೈಟಿಯ ಹಿಂದಿನ ಒಂದೇ ಕೋಣೆ. ಮೊದಲು ಅಲ್ಲಿ ಹಾಲು ಅಳೆಯುತ್ತಿದ್ದರು. ಆ ಕೋಣೆ ಹೋದರೆ ಸಂಘ ಮುಗಿದಂತೆ. ಅಕ್ಕಿಗೆ ಹುಳ ಬೀಳಿಸುವ ಪತಂಗವನ್ನು ಯಾವ ಮನೆಯಲ್ಲಿ ತಾನೇ ಸಾಕಲು ಬಿಡುತ್ತಾರೆ? ಸೊಸೈಟಿಯ ಸೆಕ್ರೆಟರಿಗೆ ಮಾತ್ರ ಅಲ್ಲಿ ಗೊಬ್ಬರದ ಚೀಲ ಪೇರಿಸುವ ಆಸೆ. ಒಂದು ದಿನ ಬಂದು ಕಾರ್ಡಿನ ಮೇಲೆ ಹೆಬ್ಬೆರಳು ಆಡಿಸಿದರು. ಇದು ಬಡಗಿಗಳು ಮರ ಉಜ್ಜುವ ಉಪ್ಪು ಕಾಗದ, ಇದರಲ್ಲಿ ಹುಳ ಇದೆ ಎಂದು ಊರಿಗೆಲ್ಲ ಟೋಪಿ ಹಾಕುತ್ತಿದ್ದೀರಿ ಎಂದರು. ಕೊನೆಗೆ ನಮ್ಮ ಸಂಘದ ಅಧ್ಯಕ್ಷೆಗೆ ಒಂದು ಗಡುವು ಕೊಟ್ಟರು.

"ದೀಪಾವಳಿ ಕಳೆದ ಮ್ಯಾಲೆ ಡೈರೆಕ್ಟರುಗಳ ಮೀಟಿಂಗ್ ಐತಿ. ಅವರ ಕಣ್ಣೆದುರಿಗೆ ಇದರಾಗಿಂದ ಹುಳ ಎದ್ದು ಬರಬೇಕು. ಬಂದ್ರೆ ಕೋಣೆ ನಿಮ್ದು. ಬರಲಿಲ್ಲ ಅಂದ್ರೆ ಮಾರನೇ ದಿನ ಲಾರಿ ಬರತೈತಿ."

ಆ ಮುಂಗಾರಿನಿಂದ ದೀಪಾವಳಿಯವರೆಗೆ ನಡೆದ ಪ್ರಸಂಗಗಳು ಇವು.

ಸ್ವೆಟರಿನ ಅಳತೆ

ಕೋಣೆಯಲ್ಲೊಂದು ಉಷ್ಣಮಾಪಕ ನೇತುಹಾಕಿದ್ದೆವು. ಅಧ್ಯಕ್ಷೆ ಒಂದು ಹಲ್ಲಿಯನ್ನು ಪೊರಕೆಯಿಂದ ಅಟ್ಟಲು ಹೋಗಿ ಮಾಪಕವನ್ನು ಬೀಳಿಸಿ ಒಡೆದರು. ಹೊಸದಕ್ಕೆ ಶಿವಮೊಗ್ಗಕ್ಕೆ ಹೇಳಿ ಕಳಿಸಿ, ಅದು ಬರುವವರೆಗೆ ಅಮ್ಮ ಇದ್ದಾರಲ್ಲ ಎಂದು ನನ್ನ ಕಡೆ ತಿರುಗಿದರು.

ಬಿಸಿಲಲ್ಲಿ ಹುಟ್ಟಿದ ನನಗೆ ಇಲ್ಲಿ ವರ್ಷದ ಮುಕ್ಕಾಲು ಭಾಗ ಚಳಿ. ಹೆಂಗಸರು ಅದನ್ನೇ ನೋಡಿ ಕಾಯಿದೆ ಮಾಡಿಕೊಂಡರು. ಅಮ್ಮ ಸ್ವೆಟರ್ ಬಿಚ್ಚಿ ಮಡಚಿಟ್ಟರೆ ಕಿಟಕಿ ತೆರೆಯುವುದು. ಸ್ವೆಟರ್ ಹಾಕಿ ಗುಂಡಿ ಬಿಟ್ಟಿದ್ದರೆ ಕಣಜಕ್ಕೆ ಹಿತ, ಏನೂ ಮುಟ್ಟುವುದು ಬೇಡ. ಗುಂಡಿ ಹಾಕಿದರೆ ಬಲ್ಬು ಹಚ್ಚುವುದು. ತಲೆಗೆ ಮಫ್ಲರ್ ಬಂತೋ, ಕೆಂಡದ ಬೋಗುಣಿ ಒಳಗೆ ತರುವುದು. ಇದು ಎಷ್ಟು ಸೊಗಸಾಗಿ ನಡೆಯಿತೆಂದರೆ ಕಾರ್ಡುಗಳೆಲ್ಲ ಹೇಳಿದ ದಿನಕ್ಕೆ ಬಿರಿಯತೊಡಗಿದವು. ನನಗೂ ಒಳಗೊಳಗೇ ಜಂಬ ಬಂತು. ಸೊಸೆಯಾಗಿ ಬಂದಾಗಿನಿಂದ ಚಳಿ ಚಳಿ ಎನ್ನುತ್ತೇನೆಂದು ನನ್ನನ್ನು ಆಡಿಕೊಂಡವರೇ ಹೆಚ್ಚು. ಈಗ ನಾನು ಗುಂಡಿಗೆ ಕೈ ಹಾಕಿದರೆ ಇಡೀ ಸಂಘ ಎದ್ದು ನಿಲ್ಲುತ್ತಿತ್ತು.

ಒಂದು ಮಧ್ಯಾಹ್ನ ಹೊರಗೆ ಚುರುಗುಟ್ಟುವ ಬಿಸಿಲು. ನನಗೆ ನಡುಕ. ಸ್ವೆಟರ್ ಹಾಕಿದೆ, ಗುಂಡಿ ಹಾಕಿದೆ, ಮಫ್ಲರ್ ಸುತ್ತಿದೆ, ಸಾಲದೆ ಗೋಣಿತಾಟು ಹೊದ್ದು ಮೂಲೆಯಲ್ಲಿ ಮುದುಡಿದೆ. ಹೆಂಗಸರು ಒಂದು ಮಾತೂ ಕೇಳದೆ ಬಲ್ಬು ಹಚ್ಚಿದರು, ಬೋಗುಣಿ ತಂದರು, ಗೋಣಿತಾಟಿಗೆ ಕಾಯಿದೆಯಲ್ಲಿ ಏನೂ ಹೇಳಿಲ್ಲವೆಂದು ಇನ್ನೊಂದು ಬೋಗುಣಿ ತಂದರು. ಕೋಣೆ ಮಂಡಕ್ಕಿ ಭಟ್ಟಿಯಾಯಿತು. ಸಂಜೆಯ ಹೊತ್ತಿಗೆ ಆ ವಾರದ ಕಣಜವೆಲ್ಲ ಹೊಲದ ಮುಖ ನೋಡದೆ ಅಲ್ಲೇ ಹುಟ್ಟಿ, ಸುಕ್ಕಿದ ರೆಕ್ಕೆ ಎಳೆದುಕೊಂಡು ಕಿಟಕಿಯ ಗಾಜಿನ ಕಡೆ ತೆವಳಿದವು. ಸೆಕ್ರೆಟರಿ ಇಣುಕಿ ನೋಡಿ, ಬೆವರಿ ಮುದ್ದೆಯಾದ ಹೆಂಗಸರನ್ನು ಬಿಟ್ಟು ಬೇರೇನೂ ಕಾಣದೆ, ಗೋಡೆಗೆ ಗೇಣು ಹಾಕಿ ಚೀಲಕ್ಕೆ ಜಾಗ ಅಳೆದುಕೊಂಡು ಹೋದರು.

ಆಸ್ಪತ್ರೆಯಲ್ಲಿ ನನಗೆ ಸೂಜಿ ಚುಚ್ಚಿಸಿ ಅಧ್ಯಕ್ಷೆ ಕೈ ಹಿಡಿದು ನಡೆಸಿಕೊಂಡು ಬಂದರು. ಮನೆಯ ಹತ್ತಿರ ಬಂದಾಗ ತಡೆಯಲಾರದೆ ಹೇಳಿದರು. "ಜ್ವರ ಬರೋದಿದ್ರೆ ಒಂದು ಮಾತು ಮೊದಲೇ ಹೇಳ್ರೀ ಅಮ್ಮಾರೆ. ನಿಮ್ಮನ್ನ ನಂಬಿ ಅಷ್ಟು ಜೀವ ಹುಟ್ಟಿಬಿಟ್ವು."

ಕಂಬಳಿಯೊಳಗಿನ ಕಾರ್ಡು

ಶಿಕಾರಿಪುರದ ಕಡೆಯ ಒಬ್ಬ ರೈತ ಕುರಿಯನ್ನೂ ಸಾಕಿದ್ದ, ಮೆಕ್ಕೆಜೋಳವನ್ನೂ ಹಾಕಿದ್ದ. ಜಿಟಿಜಿಟಿ ಮಳೆಯ ಒಂದು ಬೆಳಿಗ್ಗೆ ಬಂದು ಕಾರ್ಡು ತೆಗೆದುಕೊಂಡ. ಸಂಜೆ ಕಟ್ಟಬೇಕು, ಅಲ್ಲಿಯವರೆಗೆ ತೀರಾ ಥಂಡಿ ಬಡಿಯದಂತೆ ನೋಡಿಕೋ ಎಂದು ಹೇಳಿ ಕಳಿಸಿದೆವು. ಇವನು ಮನುಷ್ಯ ಒಳ್ಳೆಯವನು. ಥಂಡಿ ಬಡಿಯಬಾರದು ಎಂದರೆ ಎಲ್ಲಿಡಬೇಕು ಎಂದು ಯೋಚಿಸಿ, ಅಂಗಿಗೂ ಕಂಬಳಿಗೂ ನಡುವೆ ಎದೆಗೆ ಅವುಚಿಟ್ಟುಕೊಂಡು ಕುರಿ ಕಾಯಲು ಹೋದ.

ನಾಳೆ ಹುಟ್ಟಬೇಕಾದವು ಅವನ ಕಂಬಳಿಯ ಕಾವಿಗೆ ಮಧ್ಯಾಹ್ನಕ್ಕೇ ಹುಟ್ಟಿದವು. ಸಂಜೆ ಹೊಲಕ್ಕೆ ಹೋಗಿ ಬಿಡಿಸಿ ನೋಡಿದರೆ ಕಾರ್ಡು ಖಾಲಿ, ಎಲ್ಲ ಮೊಟ್ಟೆಗೂ ಸೂಜಿಮೊನೆಯಷ್ಟು ತೂತು. ಹುಳ ಎಲ್ಲಿ ಹೋದವು ಎಂದು ಅವನು ತರ್ಕ ಮಾಡಿದ. ಕಂಬಳಿಯಲ್ಲಿ ಹುಟ್ಟಿದವು ಕಂಬಳಿ ಬಿಟ್ಟು ಎಲ್ಲಿಗೆ ಹೋಗಿರುತ್ತವೆ? ಉಣ್ಣೆಯ ವಾಸನೆ ಹಿಡಿದು ಕುರಿಗಳ ಮೈಮೇಲೆ ಕೂತಿರಬೇಕು. ಅವನ್ನು ಹೊಲಕ್ಕೆ ಇಳಿಸುವುದು ಹೇಗೆ? ಕುರಿಗಳನ್ನೇ ಇಳಿಸಿದರಾಯಿತು. ಹಿಂಡನ್ನು ಜೋಳದ ಸಾಲಿನೊಳಗೆ ಮೆಲ್ಲಗೆ, ಎಲ್ಲ ಕಡೆಗೂ ಹುಳ ಸಮನಾಗಿ ಬೀಳುವಂತೆ, ಆ ತುದಿಯಿಂದ ಈ ತುದಿಗೆ ನಡೆಸಿದ. ಹಿಂಡು ಅಲ್ಲಿಗೇ ನಿಲ್ಲದೆ ಬದು ದಾಟಿ ಪಕ್ಕದ ಹೊಲಕ್ಕೂ ಅದೇ ಉಪಕಾರ ಮಾಡಿತು. ಪಕ್ಕದ ಹೊಲ ಸೊಸೈಟಿಯ ಒಬ್ಬ ಡೈರೆಕ್ಟರದು.

ಮರುದಿನ ಡೈರೆಕ್ಟರು ಅವನ ಕೈ ಹಿಡಿದು ನಮ್ಮ ಕೋಣೆಗೆ ಕರೆತಂದರು. ಪಕ್ಕದಲ್ಲಿ ಸೆಕ್ರೆಟರಿ, ಮುಖದಲ್ಲಿ ಲಾರಿ ಬಂದ ಸಂತೋಷ. ಅಧ್ಯಕ್ಷೆ ಮೆಲ್ಲಗೆ, ಹುಳದ ಕಾಟ ಈಗ ಹೇಗಿದೆ ಎಂದು ಕೇಳಿದರು.

"ಒಂದೂ ಇಲ್ರೀ ಅಕ್ಕಾರೆ," ಎಂದ ಅವನು, ತೃಪ್ತಿಯಿಂದ. "ಎರಡೂ ಹೊಲದಾಗೆ ಹುಳಕ್ಕೆ ತಿನ್ನಾಕೆ ಏನೂ ಉಳಿದಿಲ್ಲ."

ಕೋಳಿಯ ಮುನಿಸು

ಸೊರಬದ ಕಡೆಯಿಂದ, ಚಂದ್ರಗುತ್ತಿಯ ದಾರಿಯಲ್ಲಿ ಮನೆಯಿದ್ದ ರೈತರೊಬ್ಬರು ಕಾರ್ಡು ಒಯ್ದರು. ಅಧ್ಯಕ್ಷೆ ಅವರಿಗೆ ಅರ್ಧ ಗಂಟೆ ವಿವರಿಸಿದ್ದರು. ಅವರು ಮನೆಗೆ ಹೋಗಿ ತಾಯಿಯ ಕೈಗೆ ಕಾರ್ಡು ಕೊಟ್ಟು ಹೇಳಿದ್ದು ಇಷ್ಟೇ: ಇದರಲ್ಲಿ ಮೊಟ್ಟೆ ಇವೆ, ಬೆಚ್ಚಗಿಡು.

ಮೊಟ್ಟೆಯನ್ನು ಬೆಚ್ಚಗಿಡುವುದನ್ನು ಆ ಅಜ್ಜಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬುಟ್ಟಿಯಲ್ಲಿ ಕೋಳಿ ಕಾವಿಗೆ ಕೂತಿತ್ತು. ಕಾರ್ಡನ್ನು ಅದರ ಹೊಟ್ಟೆಯ ಕೆಳಗೆ ತಳ್ಳಿದರು.

ಕೋಳಿಯ ಮೈಕಾವು ನಮ್ಮ ಕಣಜಕ್ಕೆ ಬೆಂಕಿಯೇ ಸರಿ. ಕಾರ್ಡಿನ ನಡುವಿನವೆಲ್ಲ ಬೆಂದು ಹೋದವು. ಬುಟ್ಟಿಯ ಅಂಚಿಗೆ ಚಾಚಿಕೊಂಡಿದ್ದ ತುದಿಯವು ಮಾತ್ರ ಅವಸರದಲ್ಲಿ ಹುಟ್ಟಿ ಪುಕ್ಕದೊಳಗೆ ಓಡಾಡಿದವು. ಕೋಳಿಗೆ ಅದು ಹೇನೋ ಮರಿಯೋ ತಿಳಿಯಲಿಲ್ಲ. ಕೆಳಗೆ ಇಷ್ಟು ಬೇಗ ಇಷ್ಟು ಮಕ್ಕಳಾದವೆಂದು ಗಾಬರಿಯಾಯಿತೋ ಏನೋ, ಎದ್ದು ಅಟ್ಟ ಹತ್ತಿತು. ತನ್ನ ಸ್ವಂತ ಮೊಟ್ಟೆಗಳ ಕಡೆಗೂ ತಿರುಗಿ ನೋಡಲಿಲ್ಲ.

ಅಜ್ಜಿಯಿಂದ ಫೋನು ಬಂತು. ನಿಮ್ಮ ಹುಳದ ದೆಸೆಯಿಂದ ನಮ್ಮ ಕೋಳಿ ಸಂಸಾರ ಬಿಟ್ಟಿದೆ, ಬಂದು ಸರಿಮಾಡಿ, ಇಲ್ಲವಾದರೆ ನಿಮ್ಮ ಸೊಸೈಟಿಯವರೆದುರಿಗೆ ಕೋಳಿ ಹಿಡಿದುಕೊಂಡು ಬರುತ್ತೇನೆ ಎಂದರು. ಸೆಕ್ರೆಟರಿಯ ಕಿವಿಗೆ ಇದು ಬಿದ್ದರೆ ಕೋಣೆ ಹೋದಂತೆಯೇ. ನಾನೂ ಅಧ್ಯಕ್ಷೆಯೂ ಮೊದಲ ಬಸ್ಸಿಗೆ ಹೊರಟೆವು. ಅಟ್ಟದ ಕೆಳಗೆ ನಿಂತು ಅಕ್ಕಿ ಎರಚಿದೆವು, ಬಾ ಬಾ ಎಂದೆವು. ಅಧ್ಯಕ್ಷೆ ಏಣಿ ಹತ್ತಿ ಅರ್ಧ ಗಂಟೆ ಒಳ್ಳೆಯ ಮಾತಾಡಿದರು. ಸಂಘದ ಸಭೆಗಳಲ್ಲಿ ಎಂಥ ಜಗಳವನ್ನೂ ಬಿಡಿಸಿದವರು ಅವರು. ಕೋಳಿ ಒಮ್ಮೆ ಕೆಳಗೆ ನೋಡಿ ಮುಖ ತಿರುಗಿಸಿತು.

ಅಜ್ಜಿ ನಮಗೆ ಕಾಫಿ ಕೊಟ್ಟರು. ಕೋಪವೇನೂ ಉಳಿದಿರಲಿಲ್ಲ. ಹೊರಡುವಾಗ ಮೊಟ್ಟೆಯ ಬುಟ್ಟಿಯನ್ನು ನನ್ನ ಕೈಗಿಟ್ಟರು.

"ನಿಮ್ಮ ಮೊಟ್ಟೇನ ನಮ್ಮ ಕೋಳಿ ನೋಡ್ಕಂಡಿತ್ತಲ್ದ. ಇನ್ನು ನಮ್ಮ ಮೊಟ್ಟೇನ ನಿಮ್ಮ ಹುಳ ನೋಡ್ಕಳ್ಳಲಿ."

ಅಳಿಯಂದಿರಿಗೆ ಎಳ್ಳು ಚಿಕ್ಕಿ

ಈಸೂರಿನ ಕಡೆಯ ಒಬ್ಬ ರೈತರು ಕಾರ್ಡು ಒಯ್ದ ದಿನವೇ ಮಳೆ ಹಿಡಿಯಿತು. ಮಳೆಯಲ್ಲಿ ಕಟ್ಟಿದರೆ ಕಣಜ ಕೊಚ್ಚಿ ಹೋಗುತ್ತದೆ. ಏನು ಮಾಡಲಿ ಎಂದು ಕೇಳಿದರು. ತುಂಡು ಮಾಡಿ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನ ಕೆಳಗಿನ ತರಕಾರಿ ಖಾನೆಯಲ್ಲಿಡಿ, ತಣ್ಣಗಿದ್ದರೆ ಒಂದೆರಡು ದಿನ ತಡವಾಗಿ ಹುಟ್ಟುತ್ತವೆ, ಅಷ್ಟರಲ್ಲಿ ಮಳೆ ಬಿಡುತ್ತದೆ ಎಂದೆವು. ಈ ಸಲ ಹೇಳಿದ್ದನ್ನು ಹೇಳಿದ ಹಾಗೇ ಮಾಡಿದರು. ನಮಗೂ ನೆಮ್ಮದಿ.

ಮಾರನೇ ದಿನ ಅವರ ಹೊಸ ಅಳಿಯ ಮೊದಲ ಸಲ ಮಾವನ ಮನೆಗೆ ಬಂದ. ಮನೆಯ ಹಿರಿಯಜ್ಜಿಗೆ ಕಣ್ಣು ಮಂಜು. ಚಹಾದ ಜೊತೆ ಏನಾದರೂ ಕೊಡೋಣವೆಂದು ಫ್ರಿಜ್ಜು ತಡಕಾಡಿದಾಗ ಡಬ್ಬಿ ಸಿಕ್ಕಿತು. ಒಳಗೆ ಚೌಕವಾಗಿ ಕತ್ತರಿಸಿದ, ಮೇಲೆಲ್ಲ ಕಪ್ಪಗೆ ಎಳ್ಳು ಮೆತ್ತಿದಂತಿದ್ದ ತುಂಡುಗಳು. ಎಳ್ಳು ಚಿಕ್ಕಿಯೆಂದು ತಟ್ಟೆಗೆ ಹಾಕಿ ಮುಂದಿಟ್ಟರು.

ಹೊಸ ಅಳಿಯ ಬೇಡ ಎನ್ನುವುದುಂಟೆ? ಕಚ್ಚಿದ. ಅಗಿದ. ಬಹಳ ಹೊತ್ತು ಅಗಿದ. ಹೇಗಿದೆ ಎಂದು ಅಜ್ಜಿ ಕೇಳಿದರೆ, ಸಿಹಿ ಹಿತಮಿತವಾಗಿದೆ, ಸ್ವಲ್ಪ ನಾರು ಜಾಸ್ತಿ ಎಂದ. ಅಳಿಯಂದಿರಿಗೆ ಹಿಡಿಸಿತೆಂದು ಅಜ್ಜಿ ಇನ್ನೊಂದು ತುಂಡು ಹಾಕಿದರು. ಅದನ್ನೂ ತಿಂದ. ಆಮೇಲೆ ಮಾವ ಬಂದು ತಟ್ಟೆ ನೋಡಿದರು.

ಮರುದಿನ ಮಧ್ಯಾಹ್ನ ಅವರ ಫೋನು. ಸಂಕೋಚದಿಂದ ವಿಷಯ ಹೇಳಿ, ಇದೆಲ್ಲ ಸೊಸೈಟಿಯವರಿಗೆ ಗೊತ್ತಾಗುವುದು ಬೇಡ ಎಂದು ಅವರೇ ನಮ್ಮನ್ನು ಬೇಡಿಕೊಂಡರು. ಹುಡುಗ ಆರೋಗ್ಯವಾಗಿದ್ದಾನೆ, ಆದರೆ ಒಂದು ಅನುಮಾನ.

"ತಣ್ಣಗಿದ್ರೆ ತಡ, ಬೆಚ್ಚಗಿದ್ರೆ ಬೇಗ ಅಂದಿದ್ರಲ್ರೀ. ಹೊಟ್ಟಿ ಒಳಗೆ ಬೆಚ್ಚಗಿರತೈತಿ. ಎಷ್ಟೊತ್ತಿಗೆ ಬರ್ತಾವೆ?"

ಅಧ್ಯಕ್ಷೆ ನಗು ನುಂಗಿಕೊಂಡು, ಮನುಷ್ಯರ ಹೊಟ್ಟೆಯ ಕಾವು ಕಣಜಕ್ಕೆ ತಡೆಯದು, ಒಂದೂ ಹುಟ್ಟುವುದಿಲ್ಲ, ನಿಶ್ಚಿಂತೆಯಿಂದಿರಿ ಎಂದು ಧೈರ್ಯ ಹೇಳಿದರು. ಮಾವ ಮತ್ತೆ ಕೇಳಿದರು.

"ಹುಟ್ಟೋದೇ ಇಲ್ವಾ? ಬೆಳಗಿನಿಂದ ಅವರನ್ನ ಮೆಕ್ಕೆಜೋಳದ ನಡುವೆ ನಿಲ್ಲಿಸೀನಲ್ರೀ."

ಡೈರೆಕ್ಟರುಗಳ ಶಾಖ

ವಿಷಯ ಮುಚ್ಚಿಡಿ ಎಂದ ಆ ಮಾವನೇ ಹತ್ತು ಜನಕ್ಕೆ ಹೇಳಿದ್ದರು. ಸೆಕ್ರೆಟರಿಗೆ ಹೊಸ ಪುರಾವೆ ಸಿಕ್ಕಿತು. ಕಾರ್ಡು ತಿಂದವನ ಸಾಕ್ಷಿಯೇ ಇದೆ, ಅದರಲ್ಲಿ ನಾರು ಬಿಟ್ಟರೆ ಬೇರೇನೂ ಇಲ್ಲ ಎಂದು ಹೇಳಿಕೊಂಡು ತಿರುಗಿದರು.

ದೀಪಾವಳಿ ಮುಗಿಯಿತು. ಮೀಟಿಂಗಿನ ದಿನಕ್ಕೆ ಸರಿಯಾಗಿ ಬಿರಿಯುವಂತೆ ನಾವು ಕಾರ್ಡು ತಯಾರು ಮಾಡಿಟ್ಟಿದ್ದೆವು. ಆದರೆ ಎರಡು ದಿನ ಮೊದಲು ಥಂಡಿಗಾಳಿ ಬೀಸಿತು. ಮೀಟಿಂಗಿನ ದಿನ ಬೆಳಿಗ್ಗೆ ಹತ್ತಾದರೂ ಮಂಜು ಕರಗಲಿಲ್ಲ. ಹಾಳಾದ್ದು ಅದೇ ಹೊತ್ತಿಗೆ ಕರೆಂಟೂ ಹೋಯಿತು, ಬಲ್ಬಿಲ್ಲ. ಬೋಗುಣಿಯ ಕೆಂಡ ಇಡೋಣವೆಂದರೆ ಸೆಕ್ರೆಟರಿ ಬಾಗಿಲಲ್ಲೇ ಕುರ್ಚಿ ಹಾಕಿ ಕೂತಿದ್ದರು. ಕೋಣೆಯೊಳಗೆ ಬೆಂಕಿ ಗಿಂಕಿ ಮಾಡುವ ಹಾಗಿಲ್ಲ, ಬರುವುದಿದ್ದರೆ ಹುಳ ಸುಮ್ಮನೆ ಬರಲಿ ಎಂದರು. ಕಾರ್ಡು ಕರ್ರಗೆ ಮಿಂಚುತ್ತಿತ್ತು. ಒಳಗೆ ಎಲ್ಲ ತಯಾರಾಗಿದ್ದವು. ನಾಲ್ಕು ಡಿಗ್ರಿ ಬಿಸಿ ಸಿಕ್ಕಿದ್ದರೆ ಎದ್ದು ಬರುತ್ತಿದ್ದವು. ಹೆಂಗಸರೆಲ್ಲ ಮೂಗಿಗೆ ಸೆರಗು ಹಿಡಿದು ಕೂತಿದ್ದೆವು. ಕೆಲವರಿಗೆ ಆಗಲೇ ಕಣ್ಣಲ್ಲಿ ನೀರು.

ಡೈರೆಕ್ಟರುಗಳು ಬಂದರು. ಕೋಣೆ ಚಿಕ್ಕದು, ಹನ್ನೆರಡು ಹದಿಮೂರು ಮಂದಿ ಭುಜಕ್ಕೆ ಭುಜ ತಾಗಿಸಿ ಕೂತರು. ಕಾರ್ಡನ್ನು ಗಾಜಿನ ಮುಚ್ಚಳದ ಡಬ್ಬಿಯಲ್ಲಿಟ್ಟು ನಡುವೆ ಇಟ್ಟೆವು, ಪಕ್ಕದಲ್ಲಿ ಒಂದು ಭೂತಗನ್ನಡಿ. ಎಲ್ಲರೂ ಸರದಿಯಲ್ಲಿ ಬಗ್ಗಿ ನೋಡಿದರು. ಏನೂ ಅಲುಗಲಿಲ್ಲ. ಕಾಲು ಗಂಟೆ ಕಳೆಯಿತು. ಸೆಕ್ರೆಟರಿ ಗಂಟಲು ಸರಿಮಾಡಿಕೊಂಡು, ಇನ್ನು ಠರಾವು ಬರೆಯೋಣ ಎಂದರು.

ಆಗ ನಮ್ಮ ಅಧ್ಯಕ್ಷೆ ಎದ್ದು ಕಿಟಕಿ ಹಾಕಿದರು. ಬಾಗಿಲು ಮುಂದೆ ಮಾಡಿದರು. ಚಹಾ ಬರಲಿ ಎಂದು ಕೂಗಿ ಹೇಳಿದರು. ಆಮೇಲೆ ಏನೋ ನೆನಪಾದವರ ಹಾಗೆ, ಬಹಳ ವಿನಯದಿಂದ ಕೇಳಿದರು.

"ಹೆಂಗೂ ಎಲ್ಲಾರೂ ಕೂಡೀರಿ. ಹೊಸ ಬಸ್ ಶೆಲ್ಟರು ರಸ್ತೆಯ ಯಾವ ಕಡೆ ಕಟ್ಟೋದು ಅಂತ ತೀರ್ಮಾನ ಆತಾ?"

ನಮ್ಮೂರಿನಲ್ಲಿ ಆ ಮಾತನ್ನು ಯಾರೂ ಎತ್ತುವುದಿಲ್ಲ. ಅರ್ಧ ಊರಿನ ವ್ಯವಹಾರ ಶಿಕಾರಿಪುರಕ್ಕೆ, ಅರ್ಧದ್ದು ಸೊರಬಕ್ಕೆ. ಶಿಕಾರಿಪುರದ ಬಸ್ಸು ನಿಲ್ಲುವುದು ಈ ಕಡೆ, ಸೊರಬದ ಬಸ್ಸು ಆ ಕಡೆ. ಶೆಲ್ಟರು ಒಂದೇ. ಒಬ್ಬರು, ಅದರಲ್ಲಿ ತೀರ್ಮಾನಿಸಲು ಏನಿದೆ, ಈ ಕಡೆಯೇ ಎಂದರು. ಇನ್ನೊಬ್ಬರು, ಸೊರಬಕ್ಕೆ ಹೋಗುವವರು ಮನುಷ್ಯರಲ್ಲವೇ, ಅವರು ಮಳೆಯಲ್ಲಿ ನೆನೆಯಬೇಕೇ ಎಂದರು. ಮೂರನೆಯವರು ಶಾಲು ತೆಗೆದು ಪಕ್ಕಕ್ಕಿಟ್ಟರು. ಶಾಲು ತೆಗೆದದ್ದು ಕಂಡು ಅಧ್ಯಕ್ಷೆ ನನ್ನ ಕಡೆ ಹುಬ್ಬು ಹಾರಿಸಿದರು.

ಚಹಾ ಬಂತು. ಹೊಗೆಯಾಡುವ ಲೋಟ ಕೈಯಲ್ಲಿ ಹಿಡಿದೇ ಎಲ್ಲರೂ ಎದ್ದು ನಿಂತು ಮಾತಾಡತೊಡಗಿದರು. ಯಾರ ಅಜ್ಜ ರಸ್ತೆಗೆ ಎಷ್ಟು ಜಾಗ ಬಿಟ್ಟ, ಯಾರ ಪಹಣಿಯಲ್ಲಿ ಯಾರು ಸೇರಿಕೊಂಡ, ಎಲ್ಲ ಹೊರಬಂತು. ಒಂದು ಗಂಟೆಯಲ್ಲಿ ಗೋಡೆ ಬೆವರಿತು. ಕೂಗಾಟ ಇಳಿಯಿತು ಅನ್ನಿಸಿದಾಗಲೆಲ್ಲ ಅಧ್ಯಕ್ಷೆ, ಶೆಲ್ಟರಿನಲ್ಲಿ ಯಾರ ಹೆಸರು ಬರೆಸುವುದು ಎಂಬಂಥ ಒಂದು ಚಿಕ್ಕ ಕಟ್ಟಿಗೆ ತುರುಕುತ್ತಿದ್ದರು. ಎಲ್ಲರಿಗಿಂತ ಕಾವೇರಿದವರು ಸೆಕ್ರೆಟರಿ. ಬಾಗಿಲ ಕುರ್ಚಿ ಬಿಟ್ಟು ನಡುವೆ ಬಂದು, ಕೋಟು ಬಿಚ್ಚಿ, ಡಬ್ಬಿಯ ಮೇಲೆ ಕೈಯೂರಿ, ಶೆಲ್ಟರು ಸೊರಬದ ಕಡೆಗೆ ಹೋದರೆ ತಾನು ರಾಜೀನಾಮೆ ಕೊಡುತ್ತೇನೆ ಎಂದು ಡಬ್ಬಿಯನ್ನು ಗುದ್ದಿದರು. ಮುಚ್ಚಳ ಹಾರಿತು.

ಅವರ ಬಿಳಿ ಅಂಗಿಯ ತೋಳಿನ ಮೇಲೆ ಕರಿ ಸಾಸಿವೆ ನುರಿದು ಎರಚಿದ ಹಾಗೆ ಆಯಿತು. ಕೊಡವಿಕೊಳ್ಳಲು ಹೋದವರು ಕೈ ತಡೆದರು. ನುರಿದ ಸಾಸಿವೆ ಮೊಣಕೈಯಿಂದ ಭುಜದ ಕಡೆಗೆ ನಡೆಯುತ್ತಿತ್ತು.

ಒಬ್ಬ ಡೈರೆಕ್ಟರು ಭೂತಗನ್ನಡಿ ತೆಗೆದುಕೊಂಡು ಸೆಕ್ರೆಟರಿಯ ತೋಳನ್ನು ನೋಡಿದರು, ಇನ್ನೊಬ್ಬರಿಗೆ ದಾಟಿಸಿದರು. ಹೀಗೆ ಎಲ್ಲರೂ ಸಾಲಾಗಿ ಅವರ ಅಂಗಿಯನ್ನು ಪರೀಕ್ಷಿಸಿದರು. ರೆಕ್ಕೆ ಐತಿ ಎಂದರು ಒಬ್ಬರು. ಮೀಸೆನೂ ಐತಿ ಎಂದರು ಮತ್ತೊಬ್ಬರು. ಸೆಕ್ರೆಟರಿ ಅಷ್ಟು ಹೊತ್ತೂ ತೋಳು ಚಾಚಿ, ಉಸಿರು ಹಿಡಿದು, ಅಲುಗದೆ ನಿಂತಿದ್ದರು. ಕೊನೆಗೆ ಅವರೂ ಕನ್ನಡಿ ಹಿಡಿದು ನೋಡಿ, ಹುಟ್ಟಿದ್ದು ಹೌದು ಎಂದು ಒಪ್ಪಿಕೊಂಡು, ತೋಳು ಮಡಚದೆಯೇ ಇನ್ನೊಂದು ಕೈಯಲ್ಲಿ ಠರಾವಿಗೆ ಸಹಿ ಹಾಕಿದರು. ಕೋಣೆ ನಮ್ಮದಾಯಿತು. ಬಸ್ ಶೆಲ್ಟರು ಇನ್ನೂ ಆಗಿಲ್ಲ.

ಈ ಚಳಿಗಾಲ ಕಾರ್ಡುಗಳು ಮತ್ತೆ ತಡಮಾಡಿದವು. ಸೊರಬದ ಕಡೆಯ ರೈತರು ಬೆಳಿಗ್ಗೆಯೇ ಬಂದು ಕಾಯುತ್ತಿದ್ದರು. ಏನು ಮಾಡುವುದೆಂದು ನಾವು ತಲೆ ಕೆರೆದುಕೊಳ್ಳುತ್ತಿರುವಾಗ ಬಾಗಿಲು ತಟ್ಟಿದ ಸದ್ದಾಯಿತು. ಸೆಕ್ರೆಟರಿ, ಹಿಂದೆ ನಾಲ್ಕು ಮಂದಿ ಡೈರೆಕ್ಟರುಗಳು. ಸೆಕ್ರೆಟರಿ ಒಳಗೆ ಬಂದು ತಾವೇ ಕಿಟಕಿ ಹಾಕಿ, ಕೋಟು ಬಿಚ್ಚಿ ಗೂಟಕ್ಕೆ ನೇತುಹಾಕಿ, ನಮ್ಮ ಅಧ್ಯಕ್ಷೆಯನ್ನು ಬಹಳ ಗೌರವದಿಂದ ಕೇಳಿದರು.

"ಎಷ್ಟು ಶಾಖ ಬೇಕು ಹೇಳ್ರೀ ಅಕ್ಕಾರೆ. ಬಸ್ ಶೆಲ್ಟರು ಸಾಕಾ, ಇಲ್ಲಾ ಹೋದ ಸಲದ ಎಲೆಕ್ಷನ್ ಮಾತು ತೆಗೀಬೇಕಾ?"